ಬಿ.ಫಾರ್ಮ್‌ನಲ್ಲಿ ಇಷ್ಟೊಂದು ಕೆಮಿಸ್ಟ್ರಿ ಯಾಕೆ?

ಪ್ರಶ್ನೆ: ಔಷಧ ಕೊಡುವವರಾಗಲು ಬಿ.ಫಾರ್ಮ್, ಅಂದರೆ ಫಾರ್ಮಸಿ ಪದವಿ ಓದುತ್ತಿದ್ದೇವೆ. ಆದರೆ ಸೆಮಿಸ್ಟರ್ ಪೂರ್ತಿ ಕೆಮಿಸ್ಟ್ರಿ, ಲ್ಯಾಬು. ರೋಗಿಯ ಮುಖ ಕಾಣುವುದೇ ಅಪರೂಪ. ಯಾಕೆ ಹೀಗೆ?

ಉತ್ತರ: ಈ ಕೋರ್ಸು ಹುಟ್ಟಿದ್ದೇ ಲ್ಯಾಬಿನಲ್ಲಿ. 1932ರಲ್ಲಿ ಬನಾರಸ್ ಹಿಂದೂ ವಿಶ್ವವಿದ್ಯಾಲಯ ಫಾರ್ಮಾಸ್ಯುಟಿಕಲ್ ಕೆಮಿಸ್ಟ್ರಿಯನ್ನು ಬಿಎಸ್ಸಿಯಲ್ಲಿ ಒಂದು ವಿಷಯವಾಗಿ ಸೇರಿಸಿತು. ಭಾರತದಲ್ಲಿ ಪದವಿ ಮಟ್ಟದ ಫಾರ್ಮಸಿ ಶಿಕ್ಷಣದ ಆರಂಭವೇ ಅದು. ಅದರ ಹಿಂದಿದ್ದವರು ಮಹಾದೇವ ಲಾಲ್ ಶ್ರಾಫ್. ಅಮೆರಿಕದ ಎಂಐಟಿಯಲ್ಲಿ ಓದಿ ಬಂದ ಅವರು ಔಷಧವನ್ನು ನೋಡಿದ್ದು ತಯಾರಿಸುವವನ ಕಣ್ಣಿನಿಂದ.

ಕಾಲವೂ ಅದನ್ನೇ ಬೇಡುತ್ತಿತ್ತು. ಯಾರು ಬೇಕಾದರೂ ಔಷಧ ಮಾರಬಹುದಾಗಿದ್ದ ದಿನಗಳವು. ಕಲಬೆರಕೆಯ ದೂರುಗಳು ಹೆಚ್ಚಿದಾಗ 1930ರಲ್ಲಿ ಸರ್ಕಾರ ಕರ್ನಲ್ ಆರ್.ಎನ್. ಚೋಪ್ರಾ ಅಧ್ಯಕ್ಷತೆಯಲ್ಲಿ ವಿಚಾರಣಾ ಸಮಿತಿ ನೇಮಿಸಿತು. ಮಲೇರಿಯಾಗೆ ಜನ ನುಂಗುತ್ತಿದ್ದ ಕ್ವಿನೈನ್ ಮಾತ್ರೆಯ ಗುಣಮಟ್ಟವೇ ಅನುಮಾನದಲ್ಲಿತ್ತು. ಅದನ್ನು ಪರೀಕ್ಷಿಸುವುದನ್ನೇ ನೋಡಿ: ನೀರು ಬೆರೆಸಿ ತೆಳುವಾಗಿಸಿದ ಸಲ್ಫ್ಯೂರಿಕ್ ಆಮ್ಲದಲ್ಲಿ ಕರಗಿಸಿ ಬಿಸಿಲಿಗೆ ಹಿಡಿದರೆ ಕ್ವಿನೈನ್ ನೀಲಿಯಾಗಿ ಹೊಳೆಯುತ್ತದೆ. ಆದರೆ ಆ ಹೊಳಪು ಕ್ವಿನೈನ್ ಇದೆ ಎನ್ನುತ್ತದೆಯೇ ಹೊರತು, ಬೇಕಾದಷ್ಟಿದೆ ಎನ್ನುವುದಿಲ್ಲ. ಅದಕ್ಕೆ ಮಾತ್ರೆ ಪುಡಿಮಾಡಿ, ಕ್ವಿನೈನ್ ಬೇರ್ಪಡಿಸಿ, ಟೈಟ್ರೇಷನ್ ಮಾಡಿ, ಅಂದರೆ ಸಾಂದ್ರತೆ ಗೊತ್ತಿರುವ ದ್ರಾವಣವನ್ನು ಸ್ವಲ್ಪ ಸ್ವಲ್ಪವೇ ಸೇರಿಸಿ, ಅಳೆಯಬೇಕು. ಅಳೆಯಬಲ್ಲವರು ಇಲ್ಲದಿದ್ದರೆ ಅರೆಪಾಲು ಕ್ವಿನೈನ್ ಇರುವ ಮಾತ್ರೆ ನುಂಗಿದ ರೋಗಿ ಜ್ವರದಲ್ಲೇ ಉಳಿಯುತ್ತಾನೆ. ಹಾಗಾಗಿ ಆ ಕೆಮಿಸ್ಟ್ರಿಯನ್ನು ರೋಗಿಯಿಂದ ದೂರದ್ದು ಎನ್ನಲು ನನಗೆ ಮನಸ್ಸು ಬಾರದು.

1937ರಲ್ಲಿ ಬನಾರಸ್‌ನಲ್ಲೇ ಮೂರು ವರ್ಷದ ಬಿ.ಫಾರ್ಮ್ ಶುರುವಾಯಿತು. ಗಮನಿಸಿ, ಆಗಿನ್ನೂ ಕಾನೂನು ಬಂದಿರಲಿಲ್ಲ. ಔಷಧ ಕಾಯ್ದೆ ಬಂದದ್ದು 1940ರಲ್ಲಿ, ಫಾರ್ಮಸಿ ಕಾಯ್ದೆ 1948ರಲ್ಲಿ. ಪದವಿ ಪಡೆದವರಿಗೆ ಮೀಸಲಾದ ಹುದ್ದೆಯೆಂಬುದೇ ಇಲ್ಲದಾಗ ತರಗತಿ ತೆರೆದ ಶ್ರಾಫರ ಧೈರ್ಯ ದೊಡ್ಡದು.

ಮುಂದೆ ಔಷಧ ಕೊಡುವ ಕೌಂಟರಿನ ಕೆಲಸಕ್ಕೆ ಫಾರ್ಮಸಿ ಡಿಪ್ಲೊಮಾ (ಡಿ.ಫಾರ್ಮ್) ಕನಿಷ್ಠ ಅರ್ಹತೆಯಾಯಿತು. ಹೀಗಾಗಿ ಮೆಡಿಕಲ್ ಶಾಪು, ಆಸ್ಪತ್ರೆಯ ಔಷಧ ವಿಭಾಗ ಹೆಚ್ಚಾಗಿ ಡಿ.ಫಾರ್ಮ್‌ನವರ ಪಾಲಿಗೆ ಬಂದವು, ಬಿ.ಫಾರ್ಮ್ ಕಾರ್ಖಾನೆಯತ್ತಲೇ ವಾಲಿಕೊಂಡಿತು. ನಿಮ್ಮ ಸಿಲಬಸ್‌ನಲ್ಲಿ ಕಾಣುತ್ತಿರುವುದು ಆ ವಾಲಿಕೆ.

ರೋಗಿಯ ಹತ್ತಿರವೇ ಕೆಲಸ ಮಾಡುವ ಆಸೆ ನಿಮ್ಮದಾದರೆ 2008ರಲ್ಲಿ ಬಂದ ಫಾರ್ಮ್.ಡಿ. (ಡಾಕ್ಟರ್ ಆಫ್ ಫಾರ್ಮಸಿ) ಕೋರ್ಸು ಇದೆ: ಐದು ವರ್ಷ ಓದು, ಆರನೆಯ ವರ್ಷ ಆಸ್ಪತ್ರೆಯಲ್ಲಿ ಇಂಟರ್ನ್‌ಶಿಪ್. ಬಿ.ಫಾರ್ಮ್ ಮುಗಿಸಿದವರಿಗೂ ಅದರಲ್ಲಿ ಮೂರು ವರ್ಷದ ಪ್ರತ್ಯೇಕ ದಾರಿಯಿದೆ.