42 ಡಿಗ್ರಿ ಬೇಸಿಗೆಯಲ್ಲಿ ಬಜೆಟ್ ಗೇಮಿಂಗ್ ಪಿಸಿ: ತಂಪಿನ ಲೆಕ್ಕ

ಕಲಬುರಗಿ, ರಾಯಚೂರು ಕಡೆ ಏಪ್ರಿಲ್-ಮೇ ತಿಂಗಳ ಮಧ್ಯಾಹ್ನ 42 ಡಿಗ್ರಿ ಮಾಮೂಲು. ಪಿಸಿಯ ಚಿಪ್ ತಣ್ಣಗಿಡುವ ಕೂಲರ್‌ಗಳ ಮೇಲೆ ನಾವು ವಿಡಿಯೋಗಳಲ್ಲಿ ನೋಡುವ ಪರೀಕ್ಷೆಗಳು ಹೆಚ್ಚಾಗಿ ನಡೆಯುವುದು 20ರಿಂದ 25 ಡಿಗ್ರಿಯ ಎಸಿ ಕೋಣೆಗಳಲ್ಲಿ. ಅಲ್ಲಿ 65 ಡಿಗ್ರಿ ತೋರಿಸಿದ ಪ್ರೊಸೆಸರ್ (ಪಿಸಿಯ ಮುಖ್ಯ ಚಿಪ್, ಅಂದರೆ ಸಿಪಿಯು) ನಮ್ಮ ಮನೆಯಲ್ಲಿ 82 ತೋರಿಸಿದರೆ ಗಾಬರಿಯಾಗಬೇಡಿ. ಎರಡೂ ಒಂದೇ ಫಲಿತಾಂಶ. ಹೇಗೆ ಅನ್ನುವುದನ್ನು ಮೊದಲು ಅರ್ಥ ಮಾಡಿಕೊಳ್ಳೋಣ, ಯಾಕೆಂದರೆ ಮುಂದಿನದೆಲ್ಲ ಇದರ ಮೇಲೆಯೇ ನಿಂತಿದೆ.

ನೋಡಬೇಕಾದದ್ದು ಅಂತರ

ಗಾಳಿಯಿಂದ ತಣ್ಣಗಾಗುವ ಯಾವ ಚಿಪ್ಪೂ ಸುತ್ತಲಿನ ಗಾಳಿಗಿಂತ ತಣ್ಣಗಾಗುವುದಿಲ್ಲ. ಫ್ಯಾನ್ ಕೆಳಗೆ ಕೂತರೆ ನಮಗೆ ತಂಪೆನಿಸುವುದು ಬೆವರು ಆರುವುದರಿಂದ. ಲೋಹಕ್ಕೆ ಬೆವರಿಲ್ಲ. ಲಿಕ್ವಿಡ್ ಕೂಲರ್ ಹಾಕಿದರೂ ಅಷ್ಟೇ: ದ್ರವ ಶಾಖವನ್ನು ರೇಡಿಯೇಟರ್‌ವರೆಗೆ ಒಯ್ಯುತ್ತದೆ, ಅಲ್ಲಿಂದ ಮುಂದೆ ಮತ್ತೆ ಅದೇ ಕೋಣೆಯ ಗಾಳಿಯೇ ಗತಿ.

ಹಾಗಾಗಿ ಚಿಪ್ಪಿನ ಬಿಸಿಯಿಂದ ಕೋಣೆಯ ಬಿಸಿಯನ್ನು ಕಳೆಯಿರಿ. 25ರ ಕೋಣೆಯಲ್ಲಿ 65 ಅಂದರೆ ಅಂತರ 40. ಅದೇ ಆಟ, ಅದೇ ಫ್ಯಾನ್ ವೇಗ ಇದ್ದರೆ 42ರ ಕೋಣೆಯಲ್ಲಿ ಸುಮಾರು 82. ಅಂತರ ಬದಲಾಗಿಲ್ಲ, ಅಲ್ವಾ? ಕೂಲರ್ ತನ್ನ ಕೆಲಸ ಸರಿಯಾಗಿಯೇ ಮಾಡುತ್ತಿದೆ.

ಮಿತಿಯನ್ನೂ ಗೊತ್ತಿಟ್ಟುಕೊಳ್ಳಿ. ಎಎಂಡಿಯ ರೈಜೆನ್ 5 5600 ಪ್ರೊಸೆಸರ್‌ಗೆ 90 ಡಿಗ್ರಿ, ಇಂಟೆಲ್ ಐ5-12400ಎಫ್‌ಗೆ 100 ಡಿಗ್ರಿ. ಆ ಮಟ್ಟ ಮುಟ್ಟಿದರೆ ಚಿಪ್ ಸುಟ್ಟುಹೋಗುವುದಿಲ್ಲ, ತಾನೇ ವೇಗ ಇಳಿಸಿಕೊಳ್ಳುತ್ತದೆ. ಆಟ ಆಗ ತಡವರಿಸುತ್ತದೆ. 42 ಡಿಗ್ರಿ ಕೋಣೆಯಲ್ಲಿ 5600ಕ್ಕೆ ಉಳಿಯುವ ಅವಕಾಶ 48 ಡಿಗ್ರಿ ಮಾತ್ರ. ನಮ್ಮ ಕೆಲಸವೆಲ್ಲ ಅಷ್ಟರೊಳಗೆ ನಡೆಯಬೇಕು.

ಅಳೆಯುವಾಗ ಮೊಬೈಲ್‌ನ ಹವಾಮಾನ ಆ್ಯಪ್ ನಂಬಬೇಡಿ. ಒಂದು ಸಣ್ಣ ಥರ್ಮಾಮೀಟರನ್ನು ಕ್ಯಾಬಿನೆಟ್ ಗಾಳಿ ಎಳೆದುಕೊಳ್ಳುವ ಕಡೆ ಇಡಿ. ಚಿಪ್ಪಿನ ಬಿಸಿ ತೋರಿಸುವ ಎಚ್‌ಡಬ್ಲ್ಯೂಇನ್ಫೋ ಸಾಫ್ಟ್‌ವೇರ್ ತೆರೆದು, ಒಂದೇ ಆಟವನ್ನು ಅರ್ಧ ಗಂಟೆ ಆಡಿ, ಸರಾಸರಿಯ ಕಾಲಂ ನೋಡಿ. ಗರಿಷ್ಠದ ಕಾಲಂ ಒಂದು ಕ್ಷಣದ ಜಿಗಿತವನ್ನೂ ಹಿಡಿದಿಡುತ್ತದೆ, ಅದರಿಂದ ತೀರ್ಮಾನ ಮಾಡಲಾಗದು.

ಬದಿಯ ಬಾಗಿಲು ತೆಗೆದು ನೋಡುವ ಪರೀಕ್ಷೆ

ನನ್ನ ಪ್ರಕಾರ ದುಡ್ಡು ಖರ್ಚು ಮಾಡುವ ಮೊದಲು ಎಲ್ಲರೂ ಮಾಡಲೇಬೇಕಾದ ಪರೀಕ್ಷೆ ಇದು. ಬದಿಯ ಬಾಗಿಲು ಮುಚ್ಚಿಟ್ಟು ಒಮ್ಮೆ, ತೆಗೆದಿಟ್ಟು ಒಮ್ಮೆ ಅಂತರ ಬರೆದುಕೊಳ್ಳಿ. ತೆಗೆದಾಗ ಏಳೆಂಟು ಡಿಗ್ರಿ ಇಳಿದರೆ ಕ್ಯಾಬಿನೆಟ್ ಉಸಿರುಗಟ್ಟಿದೆ ಎಂದರ್ಥ, ಹೊಸ ಸಿಪಿಯು ಕೂಲರ್ ತಂದರೂ ಪ್ರಯೋಜನ ಕಡಿಮೆ. ಏನೂ ಇಳಿಯದಿದ್ದರೆ ತೊಂದರೆ ಕೂಲರ್‌ನಲ್ಲಿ, ಪೇಸ್ಟ್‌ನಲ್ಲಿ (ಚಿಪ್ ಮತ್ತು ಕೂಲರ್ ನಡುವೆ ಶಾಖ ದಾಟಿಸಲು ಹಚ್ಚುವ ಲೇಪ) ಅಥವಾ ಕೂಲರ್ ಕೂತಿರುವ ರೀತಿಯಲ್ಲಿದೆ.

ಉಸಿರುಗಟ್ಟುವುದಕ್ಕೆ ಲೆಕ್ಕ ಇದೆ. ವಾಟ್‌ಗಳನ್ನು 1.8ರಿಂದ ಗುಣಿಸಿ, ನಿಮಿಷಕ್ಕೆ ಎಷ್ಟು ಘನ ಅಡಿ ಗಾಳಿ ಕ್ಯಾಬಿನೆಟ್ ಮೂಲಕ ಹಾಯುತ್ತದೋ ಅದರಿಂದ ಭಾಗಿಸಿ. ಒಳಗಿನ ಗಾಳಿ ಎಷ್ಟು ಡಿಗ್ರಿ ಏರುತ್ತದೆ ಎನ್ನುವ ಅಂದಾಜು ಸಿಗುತ್ತದೆ. ರೈಜೆನ್ 5 5600 ಹೆಚ್ಚೆಂದರೆ 76 ವಾಟ್ ಎಳೆಯುತ್ತದೆ, ರೇಡಿಯಾನ್ ಆರ್‌ಎಕ್ಸ್ 6600 ಗ್ರಾಫಿಕ್ಸ್ ಕಾರ್ಡ್ (ಆಟದ ಚಿತ್ರ ಬಿಡಿಸುವ ಭಾಗ) 132 ವಾಟ್. ಉಳಿದದ್ದೆಲ್ಲ ಸೇರಿಸಿ 250 ಎಂದಿಟ್ಟುಕೊಳ್ಳಿ. 60 ಘನ ಅಡಿ ಹಾಯ್ದರೆ ಏರಿಕೆ ಏಳೂವರೆ ಡಿಗ್ರಿ. 20 ಮಾತ್ರ ಹಾಯ್ದರೆ 22 ಡಿಗ್ರಿಗೂ ಹೆಚ್ಚು! ಮುಂದೆ ಪೂರ್ತಿ ಗಾಜು ಬಡಿದು, ಅಂಚಿನಲ್ಲಿ ಬೆರಳಗಲದ ಸಂದು ಬಿಟ್ಟ ಕ್ಯಾಬಿನೆಟ್‌ಗಳಲ್ಲಿ ಆಗುವುದು ಇದೇ. ಬಣ್ಣದ ದೀಪದ (ಆರ್‌ಜಿಬಿ) ಫ್ಯಾನ್ ಮೂರಿದ್ದರೂ ಎಳೆಯಲು ಗಾಳಿಯೇ ಇಲ್ಲ. ಜಾಲರಿ ಮುಖದ ಕ್ಯಾಬಿನೆಟ್ ನೋಡಲು ಸಾದಾ ಇರಬಹುದು, ನಮ್ಮ ಬಿಸಿಲಿಗೆ ಅದೇ ಸರಿ. ಮುಂದೆ ಎರಡು ಫ್ಯಾನ್ ಒಳಕ್ಕೆ, ಹಿಂದೆ ಒಂದು ಹೊರಕ್ಕೆ, ಬಜೆಟ್ ಪಿಸಿಗೆ ಇಷ್ಟು ಸಾಕು.

ಕೂಲರ್ ಕೂತಿದೆಯೇ?

ಇಂಟೆಲ್ ಜೊತೆ ಬರುವ ಕೂಲರ್‌ಗೆ ನಾಲ್ಕು ಮೂಲೆಯಲ್ಲಿ ಒತ್ತುವ ಪಿನ್‌ಗಳಿವೆ. ನಾಲ್ಕರಲ್ಲಿ ಒಂದು ಅರ್ಧ ಕೂತಿದ್ದರೂ ಕೂಲರ್ ಒಂದು ಕಡೆ ಎದ್ದು ನಿಲ್ಲುತ್ತದೆ, ಬಿಸಿ ನೇರ ಮಿತಿಗೆ ಹೋಗುತ್ತದೆ. ಎದುರು ಬದುರು ಮೂಲೆಗಳನ್ನು ಜೋಡಿಯಾಗಿ ಒತ್ತಿ, ಟಕ್ ಎನ್ನುವ ಸದ್ದು ಕೇಳಿ. ಆಮೇಲೆ ಮದರ್‌ಬೋರ್ಡ್ ಹಿಂಬದಿಯಿಂದ ಟಾರ್ಚ್ ಬಿಟ್ಟು ನಾಲ್ಕೂ ಕಪ್ಪು ಪಿನ್ ಪೂರ್ತಿ ಹೊರಬಂದಿವೆಯೇ ನೋಡಿ. ಪಿನ್ ತಲೆಯ ಮೇಲಿನ ಬಾಣದ ದಿಕ್ಕಿಗೆ ತಿರುಗಿಸಿದರೆ ಅದು ಬಿಚ್ಚಿಕೊಳ್ಳುತ್ತದೆ, ಬಿಗಿಯುವುದಿಲ್ಲ. ಇದರಲ್ಲಿ ಬಹಳ ಜನ ಎಡವುತ್ತಾರೆ.

ರೈಜೆನ್ 5000 ಸರಣಿಯವರಿಗೆ ಬೇರೆ ಎಚ್ಚರಿಕೆ. ಇವು ಕೂರುವ ಎಎಂ4 ಸಾಕೆಟ್‌ನಲ್ಲಿ ಪಿನ್‌ಗಳು ಪ್ರೊಸೆಸರ್‌ನಲ್ಲೇ ಇವೆ. ಪೇಸ್ಟ್ ಒಣಗಿ ಅಂಟಿದ್ದಾಗ ಕೂಲರನ್ನು ನೇರ ಮೇಲೆಳೆದರೆ ಪ್ರೊಸೆಸರ್ ಕೂಡ ಕಿತ್ತು ಬಂದು ಪಿನ್ ಬಾಗಬಹುದು. ಮೊದಲು ಹತ್ತು ನಿಮಿಷ ಆಟ ಓಡಿಸಿ ಬಿಸಿ ಮಾಡಿ, ಆಫ್ ಮಾಡಿ ಪ್ಲಗ್ ತೆಗೆಯಿರಿ. ಸ್ಕ್ರೂ ಬಿಚ್ಚಿದ ಮೇಲೆ ಕೂಲರನ್ನು ಎಡಕ್ಕೂ ಬಲಕ್ಕೂ ಮೆಲ್ಲಗೆ ತಿರುಗಿಸಿ, ಸಡಿಲಾದ ಮೇಲೆ ಎತ್ತಿ. ಹಳೆ ಪೇಸ್ಟನ್ನು ಐಸೋಪ್ರೊಪೈಲ್ ಆಲ್ಕೋಹಾಲ್‌ನಿಂದ ಒರೆಸಿ, ಬಟಾಣಿ ಕಾಳಿನಷ್ಟು ಹೊಸದು ಹಾಕಿ. ಪೇಸ್ಟ್ ಬ್ರ್ಯಾಂಡ್‌ಗಳ ಜಗಳಕ್ಕೆ ತಲೆ ಕೆಡಿಸಿಕೊಳ್ಳಬೇಡಿ, ವ್ಯತ್ಯಾಸ ಕೆಲವೇ ಡಿಗ್ರಿ.

ಕಡಿಮೆ ವಾಟ್, ಕಡಿಮೆ ಬಿಸಿ

ಇದಕ್ಕೆ ಒಂದು ಪೈಸೆಯೂ ಬೇಡ, ಆದರೂ ಇದೇ ಎಲ್ಲಕ್ಕಿಂತ ದೊಡ್ಡ ಲಾಭ. ನಿಮ್ಮ ಮಾನಿಟರ್ 60 ಹರ್ಟ್ಜ್‌ದು, ಅಂದರೆ ಸೆಕೆಂಡಿಗೆ 60 ಚಿತ್ರ (ಫ್ರೇಮ್) ತೋರಿಸುವಂಥದ್ದು ಅಂದುಕೊಳ್ಳಿ. ಆಟ ಸೆಕೆಂಡಿಗೆ 140 ಫ್ರೇಮ್ ಓಡುತ್ತಿದ್ದರೆ ಮಾನಿಟರ್ ತೋರಿಸಲಾಗದ ಫ್ರೇಮ್‌ಗಳಿಗೂ ಕಾರ್ಡ್ ಸುಮ್ನೆ ಕರೆಂಟ್ ಸುಡುತ್ತಿರುತ್ತದೆ. ಆಟದ ಸೆಟ್ಟಿಂಗ್‌ನಲ್ಲೋ ಕಾರ್ಡಿನ ಡ್ರೈವರ್ ಸಾಫ್ಟ್‌ವೇರ್‌ನಲ್ಲೋ 60ಕ್ಕೆ ಮಿತಿ ಹಾಕಿ, ಕಾರ್ಡ್ ಎಳೆಯುವ ವಾಟ್ ಎಷ್ಟು ಇಳಿಯಿತೆಂದು ಪರದೆಯಲ್ಲೇ ನೋಡಿ. ಕಾರ್ಡಿನ ಅಂತರವೂ ಅದರ ಜೊತೆಯೇ ಇಳಿಯುತ್ತದೆ. ಸ್ಪರ್ಧೆಯ ಆಟಗಳನ್ನು ಗಂಭೀರವಾಗಿ ಆಡುವವರು ಇದನ್ನು ಒಪ್ಪುವುದಿಲ್ಲ, ಅವರಿಗೆ ಮುಂದಿನ ದಾರಿ.

ಅದು ವೋಲ್ಟೇಜ್ ಇಳಿಸುವುದು. ಚಿಪ್ ಬಳಸುವ ಶಕ್ತಿ ವೋಲ್ಟೇಜ್‌ನ ವರ್ಗಕ್ಕೆ ಅನುಗುಣವಾಗಿ ಏರಿಳಿಯುತ್ತದೆ. ವೇಗ ಅಷ್ಟೇ ಇಟ್ಟು ವೋಲ್ಟೇಜ್ ಶೇ. 10 ಇಳಿಸಿದರೆ 0.9 × 0.9 = 0.81, ಅಂದರೆ ಶಕ್ತಿ ಸುಮಾರು ಶೇ. 19 ಕಡಿಮೆ. ಎಎಂಡಿ ಕಾರ್ಡ್‌ಗಳಿಗೆ ಅಡ್ರಿನಾಲಿನ್ ಸಾಫ್ಟ್‌ವೇರ್‌ನಲ್ಲೇ ಈ ಆಯ್ಕೆ ಇದೆ, ಎನ್‌ವಿಡಿಯಾ ಕಾರ್ಡ್‌ಗಳಿಗೆ ಎಂಎಸ್‌ಐ ಆಫ್ಟರ್‌ಬರ್ನರ್. ಸ್ವಲ್ಪ ಸ್ವಲ್ಪವೇ ಇಳಿಸಿ, ಪ್ರತಿ ಸಲ ಆಟ ಆಡಿ ನೋಡಿ. ಆಟ ಕ್ರ್ಯಾಶ್ ಆದರೆ ಒಂದು ಹೆಜ್ಜೆ ಹಿಂದೆ ಬನ್ನಿ, ಹಾರ್ಡ್‌ವೇರ್‌ಗೆ ಹಾನಿಯಿಲ್ಲ.

ಕೋಣೆಯೂ ಬಿಸಿಯಾಗುತ್ತದೆ

ಪಿಸಿ ಎಳೆದ 250 ವಾಟ್ ಕೊನೆಗೆ ಪೂರ್ತಿ ಶಾಖವಾಗಿ ಕೋಣೆಗೇ ಬರುತ್ತದೆ. ಹತ್ತಡಿ ಉದ್ದ, ಅಗಲ, ಎತ್ತರದ ಕೋಣೆಯಲ್ಲಿರುವ ಗಾಳಿ 32 ಕೆಜಿ ಮಾತ್ರ. ಗೋಡೆಗಳು ಏನೂ ಹೀರಿಕೊಳ್ಳದಿದ್ದರೆ ಎರಡು ನಿಮಿಷಕ್ಕೆ ಸುಮಾರು ಒಂದು ಡಿಗ್ರಿ ಏರುತ್ತಿತ್ತು. ಗೋಡೆ ಹೀರುತ್ತದೆ ನಿಜ, ಆದರೆ ಮೇಲಿನ ಮಹಡಿಯ ಆರ್‌ಸಿಸಿ ಕೋಣೆಯಲ್ಲಿ ಸಂಜೆ ಚಾವಣಿಯೇ ಬಿಸಿ ಕಾರುತ್ತಿರುತ್ತದೆ. ಸಾಧ್ಯವಿದ್ದರೆ ಪಿಸಿಯನ್ನು ಕೆಳಮನೆಗೆ ಇಳಿಸಿ. ಕಿಟಕಿಗೆ ಎಕ್ಸಾಸ್ಟ್ ಫ್ಯಾನ್ ಹಾಕಿದರೂ ಹೊರಗೆ ತಣ್ಣಗಾದ ಮೇಲಷ್ಟೇ ಲಾಭ, ಮಧ್ಯಾಹ್ನ ಅದು ಹೊರಗಿನ ಝಳವನ್ನೇ ಒಳಗೆ ತರುತ್ತದೆ.

ನೀರು ತುಂಬುವ ಏರ್ ಕೂಲರ್ ನಮ್ಮ ಒಣ ಬೇಸಿಗೆಯಲ್ಲಿ ಚೆನ್ನಾಗಿ ಕೆಲಸ ಮಾಡುತ್ತದೆ. ಕಿಟಕಿ ತೆರೆದಿರಬೇಕು, ಇಲ್ಲದಿದ್ದರೆ ತೇವ ತುಂಬಿ ತಂಪು ನಿಂತುಹೋಗುತ್ತದೆ. ಆದರೆ ಅದರ ಬಾಯಿ ನೇರ ಕ್ಯಾಬಿನೆಟ್ ಕಡೆ ಇರದಿರಲಿ. ಬೋರ್‌ವೆಲ್ ನೀರಿನ ಹನಿ ಹಾರಿದರೆ ಉಪ್ಪು ಬೋರ್ಡ್ ಮೇಲೆ ಕೂರುತ್ತದೆ. ಮಂಗಳೂರು, ಕಾರವಾರದವರಿಗೆ ಈ ಉಪಾಯ ಸಿಗದು, ಅಲ್ಲಿನ ಗಾಳಿಯಲ್ಲಿ ಮೊದಲೇ ತೇವ ಜಾಸ್ತಿ.

ದೂಳಿನ ಬಗ್ಗೆ ಹೆಚ್ಚು ಹೇಳಬೇಕಿಲ್ಲ. ಫಿಲ್ಟರ್ ತೊಳೆದು ಪೂರ್ತಿ ಒಣಗಿಸಿ ಹಾಕಿ. ಹತ್ತಿ ಬೆಳೆಯುವ ಊರುಗಳಲ್ಲಿ ಎಳೆಗಳು ಕೂಲರ್‌ನ ಲೋಹದ ರೆಕ್ಕೆಗಳ ನಡುವೆ ಸಿಕ್ಕಿ ಚಾಪೆಯಂತೆ ಹೆಣೆದುಕೊಳ್ಳುತ್ತವೆ, ಮೊದಲು ಬ್ರಷ್‌ನಿಂದ ಬಿಡಿಸಿ ಆಮೇಲೆ ಬ್ಲೋವರ್ ಹಿಡಿಯಿರಿ. ಬ್ಲೋವರ್ ಹಿಡಿದಾಗ ಫ್ಯಾನ್ ತಿರುಗದಂತೆ ಬೆರಳಿಂದ ತಡೆಯಿರಿ.

ಎಲ್ಲರೂ ಮರೆಯುವ ಎಸ್‌ಎಂಪಿಎಸ್

ಎಸ್‌ಎಂಪಿಎಸ್ ಅಂದರೆ ಪಿಸಿಗೆ ಕರೆಂಟ್ ಕೊಡುವ ಪವರ್ ಸಪ್ಲೈ ಡಬ್ಬಿ. ಅದರ ದಕ್ಷತೆ ಅಳೆಯುವ 80 ಪ್ಲಸ್ ಪರೀಕ್ಷೆ ನಡೆಯುವುದು 23 ಡಿಗ್ರಿಯ ಆಸುಪಾಸಿನಲ್ಲಿ. ನಮ್ಮ ಕ್ಯಾಬಿನೆಟ್ ಒಳಗೆ 50 ಇರಬಹುದು. ಒಳಗಿನ ಎಲೆಕ್ಟ್ರೋಲಿಟಿಕ್ ಕೆಪ್ಯಾಸಿಟರ್‌ಗಳ ಆಯಸ್ಸು ಪ್ರತಿ 10 ಡಿಗ್ರಿ ಏರಿಕೆಗೆ ಹೆಚ್ಚುಕಡಿಮೆ ಅರ್ಧಕ್ಕಿಳಿಯುತ್ತದೆ ಎನ್ನುವುದು ಎಂಜಿನಿಯರ್‌ಗಳು ಬಳಸುವ ಅಂದಾಜು. ಕೊಳ್ಳುವ ಮೊದಲು ಪೂರ್ತಿ ವಾಟ್ ಯಾವ ತಾಪಮಾನದವರೆಗೆ ಕೊಡುತ್ತದೆ ಎಂದು ಓದಿ: 50 ಎಂದು ಬರೆದಿದ್ದರೆ ಒಳ್ಳೆಯದು. ಏನೂ ಬರೆದಿರದಿದ್ದರೆ ನಿಮ್ಮ ಲೆಕ್ಕದ ವಾಟ್‌ಗೆ ಎರಡು ಪಟ್ಟು ಸಾಮರ್ಥ್ಯದ್ದನ್ನು ತೆಗೆದುಕೊಳ್ಳಿ. ಅದರ ಫ್ಯಾನ್ ಕೆಳಮುಖವಾಗಿದ್ದರೆ ಕ್ಯಾಬಿನೆಟ್ ಕೆಳಗೆ ಎರಡು ಇಂಚಾದರೂ ಜಾಗ ಬಿಡಿ, ಜಮಖಾನೆಯ ಮೇಲಂತೂ ಇಡಲೇಬೇಡಿ.