ಏಳನೇ ಕ್ಲಾಸಿನ ನೋಟ್ಸ್ ಯಾಕೆ ಹಳದಿಯಾಗಿದೆ?

ಹೋದ ವಾರ ಪೋಷಕರ ಸಭೆಯಲ್ಲಿ ಒಬ್ಬ ತಾಯಿ ಮಗನ ವಿಜ್ಞಾನದ ನೋಟ್ಸ್ ತಂದು ನನ್ನ ಮುಂದಿಟ್ಟರು. ‘ಇದೇನ್ ಮೇಡಂ, ನೋಟ್ಸೋ ಮಸಿಬಟ್ಟೆಯೋ?’ ಅಂದರು. ಅವರು ಕೇಳಿದ್ದರಲ್ಲಿ ತಪ್ಪಿಲ್ಲ. ಹಾಳೆ ತುಂಬ ಅರಿಶಿನದ ಕಲೆ, ಅಲ್ಲಲ್ಲಿ ಕೆಂಪು ಮಚ್ಚೆ, ಎರಡು ಕಡೆ ದಾಸವಾಳದ ರಸ. ಬರೆದಿದ್ದು ಅರ್ಧ ಪುಟ, ಅದರಲ್ಲೂ ಮೂರು ಉತ್ತರ ತಪ್ಪು. ಆದರೆ ನಾನು ಆ ತಪ್ಪುಗಳನ್ನು ಅಳಿಸೋಕೆ ಬಿಟ್ಟಿಲ್ಲ, ಬೇಕಂತಲೇ.

ದಸರಾ ರಜೆಗೆ ಮುಂಚೆ ಎರಡು ಎಫ್‌ಎ (ಕಿರು ಪರೀಕ್ಷೆ), ಒಂದು ಎಸ್‌ಎ (ಅರ್ಧವಾರ್ಷಿಕ ಪರೀಕ್ಷೆ) ಮುಗಿಯಬೇಕು. ಹಾಗಾಗಿ ‘ಪೋರ್ಷನ್ ಎಲ್ಲಿವರೆಗೆ ಆಯ್ತು’ ಅಂತ ಎಲ್ಲರೂ ಕೇಳುತ್ತಾರೆ. ಏಳನೇ ಕ್ಲಾಸಿನವರು ಆಮ್ಲ (ಹುಣಸೆಯಂಥ ಹುಳಿ), ಪ್ರತ್ಯಾಮ್ಲ (ಸೋಪು, ಸುಣ್ಣದಂಥವು) ಅನ್ನೋ ಪಾಠದಲ್ಲಿದ್ದಾರೆ. ಓದಿಸಿದರೆ ಎರಡು ದಿನದಲ್ಲಿ ಮುಗಿಯುವ ಪಾಠ. ನಾವು ಮೂರನೇ ವಾರದಲ್ಲಿದ್ದೀವಿ.

ಮಾಡಿದ್ದು ಇಷ್ಟೇ. ಅರಿಶಿನವನ್ನು ನೀರಲ್ಲಿ ಕಲಸಿ ಬಿಳಿ ಹಾಳೆಗೆ ಬಳಿದು ಒಣಗಿಸಿ ಪಟ್ಟಿ ಕತ್ತರಿಸಿಕೊಂಡೆವು. ಹುಣಸೆ ರಸ, ಮಜ್ಜಿಗೆ, ಸೋಪಿನ ನೀರು, ಉಪ್ಪು ನೀರು, ಸಕ್ಕರೆ ನೀರು, ಅಡುಗೆ ಸೋಡಾ, ಎಲೆ ಅಡಿಕೆಯ ಸುಣ್ಣ ಕದಡಿ ಮೇಲೆ ನಿಂತ ತಿಳಿ, ಇಷ್ಟನ್ನೂ ಲೋಟಗಳಲ್ಲಿಟ್ಟೆವು. ಮೊದಲು ಊಹೆ ಬರೆಯಬೇಕು, ಆಮೇಲೆ ಹನಿ ಹಾಕಬೇಕು. ಬಾಯಿಗೆ ಹಾಕಿ ರುಚಿ ನೋಡುವ ಹಾಗಿಲ್ಲ. (ನೋಡೇ ನೋಡುತ್ತಾರೆ, ಅದಕ್ಕೇ ಬಾತ್‌ರೂಮ್ ತೊಳೆಯುವ ಆ್ಯಸಿಡ್ ಕ್ಲಾಸಿನ ಹತ್ತಿರವೂ ಬರಬಾರದು ಅಂತ ಮೊದಲ ದಿನವೇ ಹೇಳಿದ್ದೆ.) ಸುಣ್ಣದ ತಿಳಿ ಬಿದ್ದ ಕಡೆ ಹಳದಿ ಪಟ್ಟಿ ಕೆಂಪಾದದ್ದೇ ತಡ, ಹಿಂದಿನ ಬೆಂಚಿನಿಂದ ಕೂಗು: ‘ಮಿಸ್, ಇದು ಆರತಿ ನೀರು!’ ಹೌದಲ್ವಾ. ಮದುಮಕ್ಕಳಿಗೆ ಎತ್ತುವ ಆರತಿ ತಟ್ಟೆಯಲ್ಲಿ ಅಜ್ಜಿಯಂದಿರು ಅರಿಶಿನಕ್ಕೆ ಸುಣ್ಣ ಬೆರೆಸುವುದು ಇದೇ. ಬಿಳಿ ಅಂಗಿ ಮೇಲೆ ಸಾರು ಚೆಲ್ಲಿ ಅಮ್ಮ ಸೋಪು ಹಾಕಿದಾಗ ಕಲೆ ಕೆಂಪಾಗುವುದೂ ಇದೇ.

ಅಸಲಿ ಪಾಠ ಶುರುವಾಗಿದ್ದು ಆಮೇಲೆ. ಹುಣಸೆ ರಸದಲ್ಲಿ ಪಟ್ಟಿ ಹಳದಿಯಾಗೇ ಉಳಿಯಿತು. ಮುಕ್ಕಾಲು ಕ್ಲಾಸು ‘ಹಳದಿ ಉಳಿದರೆ ಆಮ್ಲ’ ಅಂತ ಬರೆದುಬಿಟ್ಟಿತು. ನಾನು ಸುಮ್ನೆ ಇದ್ದೆ. ಉಪ್ಪು ನೀರು ಹಾಕಿದರು, ಹಳದಿ. ಸಕ್ಕರೆ ನೀರು, ಹಳದಿ. ಸರಿ, ಸಕ್ಕರೆನೂ ಆಮ್ಲನಾ ಅಂತ ಒಬ್ಬಳು ಕೇಳಿದಳು, ಅಲ್ಲಿಗೆ ಕ್ಲಾಸು ಎರಡು ಪಕ್ಷವಾಯಿತು. ಅರಿಶಿನ ಪ್ರತ್ಯಾಮ್ಲವನ್ನು ಮಾತ್ರ ತೋರಿಸುತ್ತದೆ, ಆಮ್ಲಕ್ಕೂ ತಟಸ್ಥಕ್ಕೂ (ಅಂದರೆ ಎರಡೂ ಅಲ್ಲದ್ದಕ್ಕೂ) ವ್ಯತ್ಯಾಸ ಹೇಳಲ್ಲ ಅಂತ ನಾನೇ ಹೇಳಿದ್ದರೆ ಒಂದು ಸಾಲಿನ ನೋಟ್ಸ್ ಆಗುತ್ತಿತ್ತು. ಅದನ್ನು ಅವರೇ ಕಂಡುಕೊಳ್ಳೋಕೆ 40 ನಿಮಿಷದ ಇಡೀ ಪೀರಿಯಡ್ ಹಿಡಿಯಿತು. ಮರುದಿನ ದಾಸವಾಳ ಬಂತು. ಕೆಂಪು ದಾಸವಾಳದ ಎಸಳನ್ನು ಬಿಸಿನೀರಲ್ಲಿ ನೆನೆಸಿದ ರಸ ಆಮ್ಲದಲ್ಲಿ ಗಾಢ ಗುಲಾಬಿ, ಪ್ರತ್ಯಾಮ್ಲದಲ್ಲಿ ಹಸಿರು. ಸಕ್ಕರೆ ನೀರಲ್ಲಿ ಎರಡೂ ಆಗಲಿಲ್ಲ, ಅದು ಆರೋಪದಿಂದ ಪಾರಾಯಿತು.

ನೋಟ್ಸಿನಲ್ಲಿ ‘ಸಕ್ಕರೆ: ಆಮ್ಲ’ ಅಂತ ಇನ್ನೂ ಇದೆ. ಅದರ ಕೆಳಗೆ ‘ಅಲ್ಲ, ಯಾಕಂದ್ರೆ’ ಅಂತ ಎರಡು ಸಾಲು ಇದೆ. ನಾನು ಮಾರ್ಕ್ಸ್ ಕೊಡುವುದು ಆ ಎರಡು ಸಾಲಿಗೆ. ರಾತ್ರಿ ಮನೆಯಲ್ಲಿ ಯಾರೋ ರಬ್ಬರ್ ಹಿಡಿದು ಕೂತು ಊಹೆಯನ್ನೆಲ್ಲ ಅಳಿಸಿ ಗೈಡ್ ನೋಡಿ ಸರಿ ಉತ್ತರ ಬರೆಸಿದರೆ, ಮರುದಿನ ಆ ಮಗುವಿಗೆ ಹೇಳೋಕೆ ಏನೂ ಇರಲ್ಲ. ಇದು ನನಗೆ ನಿಜವಾಗಿಯೂ ಬೇಜಾರಿನ ವಿಷಯ.

ಇನ್ನೊಂದು ಸಂಗತಿ. ನೀರು ತಟಸ್ಥ ಅಂತ ಎಲ್ಲರಿಗೂ ಬಾಯಿಪಾಠ. ನಮ್ಮದು ತುಮಕೂರು ಜಿಲ್ಲೆ, ಕುಡಿಯೋದು ಬೋರ್‌ವೆಲ್ ನೀರು. ಒಬ್ಬ ಹುಡುಗ ಮನೆ ಬೋರಿನ ನೀರನ್ನು ಬಾಟಲಿಯಲ್ಲಿ ತಂದಿದ್ದ. ದಾಸವಾಳದ ರಸ ಹಾಕಿದರೆ ಗುಲಾಬಿ ಬಣ್ಣ ಮಾಸಿ ಸ್ವಲ್ಪ ಹಸಿರಿನ ಕಡೆ ತಿರುಗಿತು. ‘ಮಿಸ್, ಬುಕ್ ತಪ್ಪಾ, ನಮ್ಮ ನೀರು ತಪ್ಪಾ?’ ಎರಡೂ ಅಲ್ಲ. ಬುಕ್ಕಿನದ್ದು ಶುದ್ಧ ನೀರಿನ ಮಾತು. ಬೋರಿನ ನೀರು ನೂರಾರು ಅಡಿ ಕೆಳಗೆ ಬಂಡೆಯ ಸಂದಿಯಲ್ಲಿ ನಿಂತು ಲವಣಗಳನ್ನು ಕರಗಿಸಿಕೊಂಡು ಬರುತ್ತದೆ, ಅದಕ್ಕೇ ಸ್ವಲ್ಪ ಪ್ರತ್ಯಾಮ್ಲದ ಕಡೆ ವಾಲಿರುತ್ತದೆ. ನೀರು ಕಾಯಿಸುವ ಪಾತ್ರೆಯ ತಳದಲ್ಲಿ ಬಿಳಿ ಪದರ ಕಟ್ಟುತ್ತಲ್ಲ, ಅದು ಈ ಲವಣವೇ. ಆ ಬಿಳಿ ಪದರವನ್ನು ಕೆರೆದು ಹುಣಸೆ ರಸಕ್ಕೆ ಹಾಕಿದೆವು, ಬುಸ್ ಅಂತ ಗುಳ್ಳೆ ಬಂತು. ಅವತ್ತು ಬೆಲ್ ಹೊಡೆದರೂ ಯಾರೂ ಏಳಲಿಲ್ಲ.

ಆ ತಾಯಿಗೆ ಇಷ್ಟೆಲ್ಲ ಹೇಳಿದ ಮೇಲೆ ಮಗನನ್ನೇ ಕರೆದು ಒಂದು ಪುಟ ವಿವರಿಸು ಅಂದೆ. ಹತ್ತು ನಿಮಿಷ ಮಾತಾಡಿದ. ‘ಮನೇಲಿ ಕೇಳಿದ್ರೆ ಒಂದು ಮಾತಾಡಲ್ಲ ಇವ್ನು’ ಅಂತ ಅವರು ನಕ್ಕರು.

ಸೋಮವಾರ ಮಣ್ಣಿನ ಸರದಿ. ಹೊಲದ್ದು, ಕೆರೆಯದ್ದು, ತೋಟದ್ದು ತರೋಕೆ ಹೇಳಿದ್ದೀನಿ. ಮಲೆನಾಡಿನವರು ಹುಳಿ ಮಣ್ಣಿಗೆ ಸುಣ್ಣ ಯಾಕೆ ಹಾಕುತ್ತಾರೆ ಅನ್ನೋದು ಅಲ್ಲಿಂದ ಮುಂದಿನ ಮಾತು. ಮಗು ಬ್ಯಾಗಿನಲ್ಲಿ ಒಂದು ಹಿಡಿ ಮಣ್ಣು ತುಂಬಿಕೊಂಡು ಹೊರಟರೆ ಬೈಬೇಡಿ, ಎರಡು ಕವರ್ ಹಾಕಿ ಗಂಟು ಕಟ್ಟಿ ಕಳಿಸಿ.