ಜೋಡಿ ಕಟ್ಟುವವರ ಕಣ್ಣಿಗೆ ಬೀಳದ್ದು: ಕುಸ್ತಿ ಕಣಕ್ಕೆ ಉದ್ದೀಪನ ಮದ್ದು ಬಂದ ದಾರಿ

ಮೈಸೂರು ದಸರೆಯ ಕುಸ್ತಿ ಶುರುವಾಗುವುದಕ್ಕೆ ಕೆಲವು ದಿನ ಮೊದಲು ಜೋಡಿ ಕಟ್ಟುವ ಕೆಲಸ ನಡೆಯುತ್ತದೆ. ಮೈಸೂರು, ಮಂಡ್ಯ, ಚಾಮರಾಜನಗರದ ಗರಡಿಗಳಿಂದ ಮಾತ್ರವಲ್ಲ, ದೂರದ ಬೆಳಗಾವಿ, ದಾವಣಗೆರೆ ಕಡೆಯಿಂದಲೂ ಪೈಲ್ವಾನರು ಬರುತ್ತಾರೆ. ಇಬ್ಬರನ್ನು ಎದುರುಬದುರು ನಿಲ್ಲಿಸಿ ತೂಕ, ಮೈಕಟ್ಟು, ವಯಸ್ಸು, ಹಿಂದೆ ಯಾರ ಮೇಲೆ ಆಡಿದ್ದಾರೆ ಎಂಬುದನ್ನೆಲ್ಲ ನೋಡಿ, ಎರಡೂ ಕಡೆಯ ಉಸ್ತಾದರು ತಲೆಯಾಡಿಸಿದ ಮೇಲೆಯೇ ಜೋಡಿ ಗೊತ್ತಾಗುತ್ತದೆ. ಎಷ್ಟು ನಿಮಿಷದ ಕುಸ್ತಿ ಎಂಬುದೂ ಆಗಲೇ ತೀರ್ಮಾನ. ಸಮಬಲರಲ್ಲದ ಇಬ್ಬರನ್ನು ಮಟ್ಟಿಗೆ, ಅಂದರೆ ಕುಸ್ತಿಯ ಮಣ್ಣಿನ ಕಣಕ್ಕೆ, ಇಳಿಸಬಾರದು ಎಂಬ ಒಂದೇ ತತ್ವದ ಮೇಲೆ ಈ ಪದ್ಧತಿ ನಿಂತಿದೆ.

ಆ ತತ್ವವನ್ನೇ ಅಲುಗಾಡಿಸುವ ಪ್ರಶ್ನೆಯೊಂದು ಈಗ ಜಿಮ್‌ಗಳಲ್ಲಿ, ಗರಡಿ ಜಗಲಿಗಳಲ್ಲಿ, ಹುಡುಗರ ಮೊಬೈಲ್‌ಗಳಲ್ಲಿ ಓಡಾಡುತ್ತಿದೆ. ಕುಸ್ತಿ, ಬಾಕ್ಸಿಂಗ್, ಹೊಡೆತ-ಒದೆತ-ಹಿಡಿತ ಎಲ್ಲ ಬೆರೆತ ಎಂಎಂಎಯಂಥ ಸೆಣಸಾಟದ ಆಟಗಳಲ್ಲಿ ಉದ್ದೀಪನ ಮದ್ದಿಗೆ ಅನುಮತಿ ಕೊಟ್ಟುಬಿಟ್ಟರೆ ಏನಾಗುತ್ತದೆ? "ಎಲ್ರೂ ತಗೊತಾವ್ರೆ ಕಣಣ್ಣ, ಬುಟ್ಬುಡಿ ಅತ್ಲಾಗೆ" ಎನ್ನುವ ಮಾತು ಮಂಡ್ಯ ಸೀಮೆಯಲ್ಲಿ ಸಲೀಸಾಗಿ ಕೇಳಿಬರುತ್ತದೆ. ಆ ಮಾತಿನ ಹಿಂದೆ ದಣಿವಿದೆ, ಸ್ವಲ್ಪ ಸತ್ಯವೂ ಇದೆ. ಆದರೆ ಇಲ್ಲಿಗೆ ಬಂದು ಮುಟ್ಟಿದ್ದು ಹೇಗೆ ಎಂಬುದನ್ನು ನೋಡದೆ ಉತ್ತರ ಹೇಳಲಾಗದು.

ಪೈಲ್ವಾನನ ಹೊಟ್ಟೆಗೆ ಏನು ಬೀಳಬೇಕು ಎಂಬ ಚಿಂತೆ ಕನ್ನಡ ನಾಡಿಗೆ ಹೊಸದಲ್ಲ. ಹನ್ನೆರಡನೆಯ ಶತಮಾನದಲ್ಲಿ ಕಲ್ಯಾಣ ಚಾಲುಕ್ಯರ ಮೂರನೇ ಸೋಮೇಶ್ವರ ಬರೆಸಿದ ಮಾನಸೋಲ್ಲಾಸದಲ್ಲಿ ಮಲ್ಲವಿನೋದಕ್ಕೇ ಒಂದು ಭಾಗವಿದೆ. ವಯಸ್ಸು, ದೇಹ, ಬಲ ನೋಡಿ ಮಲ್ಲರನ್ನು ವರ್ಗ ಮಾಡುವುದು, ಅವರಿಗೆ ಪುಷ್ಟಿಯ ಊಟ ಹಾಕುವುದು ಅರಸನ ಹೊಣೆ ಎಂದು ಅದು ಹೇಳುತ್ತದೆ. ವಿಜಯನಗರದ ಮಹಾನವಮಿಯ ಕುಸ್ತಿಯನ್ನು ಪೋರ್ಚುಗೀಸ್ ಪ್ರವಾಸಿಗಳು ಕಂಡು ಬರೆದಿದ್ದಾರೆ. 1610ರಲ್ಲಿ ರಾಜ ಒಡೆಯರು ಶ್ರೀರಂಗಪಟ್ಟಣದಲ್ಲಿ ದಸರೆ ಆರಂಭಿಸಿದ ಮೇಲೆ ಆ ಪರಂಪರೆ ಈ ಸೀಮೆಗೆ ಬಂತು. ಬೆರಳಿಗೆ ಮೊನಚಿನ ಆಯುಧ ತೊಟ್ಟು ಆಡುವ ಜಟ್ಟಿಗಳ ವಜ್ರಮುಷ್ಟಿ ಕಾಳಗ ಇವತ್ತಿಗೂ ವಿಜಯದಶಮಿಯ ದಿನ ಅರಮನೆಯಲ್ಲಿ ನಡೆಯುತ್ತದೆ. ಒಬ್ಬನ ತಲೆಯಿಂದ ರಕ್ತ ಚಿಮ್ಮಿದ ಕೂಡಲೇ ಕಾಳಗ ನಿಲ್ಲಬೇಕು. ಅಷ್ಟು ಉಗ್ರವಾದ ಆಟಕ್ಕೂ ಅಷ್ಟು ಸ್ಪಷ್ಟವಾದ ಗಡಿಯನ್ನು ನಮ್ಮ ಹಿರಿಯರು ಹಾಕಿದ್ದರು.

ಇಲ್ಲಿ ಒಂದು ಆಕ್ಷೇಪ ಬರುತ್ತದೆ. ಅರಮನೆಯ ಆಶ್ರಯವಿದ್ದ ಪೈಲ್ವಾನನಿಗೆ ಬಾದಾಮಿ, ತುಪ್ಪ, ಸೇರುಗಟ್ಟಲೆ ಹಾಲು. ಬಡವರ ಮನೆಯ ಹುಡುಗನಿಗೆ ರಾಗಿಮುದ್ದೆ, ಹುರುಳಿ ಕಟ್ಟು. ಆಗಲೂ ಸಮಬಲ ಎಲ್ಲಿತ್ತು? ಊಟದಲ್ಲಿ ಭೇದವಿತ್ತು, ಈಗಲೂ ಇದೆ. ಆದರೆ ಊಟ ಮತ್ತು ಮದ್ದಿನ ನಡುವಿನ ಅಂತರ ಎಷ್ಟೆಂಬುದನ್ನು 1996ರಲ್ಲಿ ಅಮೆರಿಕದಲ್ಲಿ ಪ್ರಕಟವಾದ ಒಂದು ಪ್ರಯೋಗ ತೋರಿಸಿತು. 43 ಗಂಡಸರನ್ನು ನಾಲ್ಕು ಗುಂಪು ಮಾಡಿ, ಎರಡು ಗುಂಪಿಗೆ ವಾರಕ್ಕೆ 600 ಮಿಲಿಗ್ರಾಂ ಟೆಸ್ಟೊಸ್ಟಿರೋನ್ ಎಂಬ ಗಂಡು ಹಾರ್ಮೋನ್, ಉಳಿದ ಎರಡಕ್ಕೆ ಸತ್ವವಿಲ್ಲದ ಚುಚ್ಚುಮದ್ದು ಕೊಟ್ಟರು. ಹತ್ತು ವಾರದ ಕೊನೆಗೆ, ಮದ್ದಿಲ್ಲದೆ ಕಸರತ್ತು ಮಾಡಿದವರ ಮೈಯಲ್ಲಿ ಕೊಬ್ಬಲ್ಲದ ತೂಕ ಸುಮಾರು 2 ಕೆ.ಜಿ. ಏರಿತ್ತು. ಕಸರತ್ತೇ ಮಾಡದೆ ಮದ್ದು ಮಾತ್ರ ಪಡೆದವರಿಗೆ 3 ಕೆ.ಜಿ.ಗೂ ಹೆಚ್ಚು! ಎರಡೂ ಸೇರಿದವರಿಗೆ 6 ಕೆ.ಜಿ. ಬೆಳಗಿನ ಜಾವ ಎದ್ದು ದಂಡ, ಬಸ್ಕಿ ಹೊಡೆದ ಹುಡುಗನನ್ನು ಮಲಗಿಕೊಂಡೇ ಮೀರಿಸಬಹುದು ಎಂದಾದರೆ, ಬಾದಾಮಿಯ ಲೆಕ್ಕ ಇಲ್ಲಿಗೆ ಹೊಂದುವುದಿಲ್ಲ.

ಹೊರಗಿನ ಇತಿಹಾಸವನ್ನು ಚುಟುಕಾಗಿ ಹೇಳುವುದಾದರೆ: 1904ರ ಒಲಿಂಪಿಕ್ಸ್ ಮ್ಯಾರಥಾನ್ ಗೆದ್ದವನಿಗೆ ದಾರಿಯಲ್ಲಿ ಸ್ಟ್ರಿಕ್ನಿನ್ ಎಂಬ ವಿಷ ಮತ್ತು ಬ್ರಾಂದಿ ಕುಡಿಸಿದ್ದರು, 1935ರಲ್ಲಿ ಟೆಸ್ಟೊಸ್ಟಿರೋನ್ ಪ್ರಯೋಗಾಲಯದಲ್ಲಿ ತಯಾರಾಯಿತು, 1958ರಲ್ಲಿ ಡಯಾನಬಾಲ್ ಎಂಬ ಸ್ಟೀರಾಯ್ಡ್ (ಸ್ನಾಯು ಬೆಳೆಸುವ ಹಾರ್ಮೋನ್ ಮದ್ದು) ಮಾತ್ರೆ ಅಮೆರಿಕದ ಮಾರುಕಟ್ಟೆಗೆ ಬಂತು, 1968ರಲ್ಲಿ ಒಲಿಂಪಿಕ್ಸ್ ಮದ್ದು ಪರೀಕ್ಷೆ ಶುರುವಾಯಿತು, 1976ರಲ್ಲಿ ಸ್ಟೀರಾಯ್ಡ್‌ಗೂ ಪರೀಕ್ಷೆ ಬಂತು, 1988ರಲ್ಲಿ ಓಟಗಾರ ಬೆನ್ ಜಾನ್ಸನ್ ಸಿಕ್ಕಿಬಿದ್ದ, 1999ರಲ್ಲಿ ವಿಶ್ವ ಉದ್ದೀಪನ ಮದ್ದು ತಡೆ ಸಂಸ್ಥೆ ವಾಡಾ ಹುಟ್ಟಿತು. ಭಾರತದ ಮದ್ದು ತಡೆ ಸಂಸ್ಥೆ ನಾಡಾ ಸ್ಥಾಪನೆಯಾದದ್ದು 2005ರಲ್ಲಿ.

ನಮ್ಮ ಸೀಮೆಯ ಕಥೆ ಇಲ್ಲಿಂದಾಚೆಗಿನದು.

ಮಣ್ಣಿನ ಮಟ್ಟಿಯ ಕುಸ್ತಿ ಮತ್ತು ಮ್ಯಾಟಿನ ಪಾಯಿಂಟ್ ಕುಸ್ತಿ ಬೇರೆ ಬೇರೆ ದೇಹಗಳನ್ನು ಕೇಳುತ್ತವೆ. ಕೆಮ್ಮಣ್ಣಿಗೆ ಎಣ್ಣೆ, ಮಜ್ಜಿಗೆ, ಅರಿಶಿನ, ನಿಂಬೆರಸ ಸೇರಿಸಿ ಹದ ಮಾಡಿದ ಮಟ್ಟಿಯಲ್ಲಿ ಇಪ್ಪತ್ತು ನಿಮಿಷ, ಅರ್ಧ ಗಂಟೆ ಕುಸ್ತಿ ಎಳೆಯುತ್ತದೆ. ದಮ್ಮು ಬೇಕು, ತಾಳ್ಮೆ ಬೇಕು. ಮ್ಯಾಟಿನ ಮೇಲೆ ಮೂರು ನಿಮಿಷದ ಎರಡು ಸುತ್ತು. ಸಿಡಿಲಿನಂಥ ವೇಗ ಬೇಕು, ತೂಕದ ವರ್ಗ ಗ್ರಾಂ ಲೆಕ್ಕದಲ್ಲಿ ಬೀಳಬೇಕು. ಕ್ರೀಡಾ ಕೋಟಾದಲ್ಲಿ ಪೊಲೀಸ್, ರೈಲ್ವೆ, ಸೇನೆಯ ಕೆಲಸ ಸಿಗುವುದು ಮ್ಯಾಟಿನ ಪದಕಕ್ಕೆ. ಮಂಡ್ಯದ ಕಬ್ಬಿನ ಗದ್ದೆಯಿಂದ ಬಂದ ಹುಡುಗನಿಗೆ ಆ ಪದಕವೆಂದರೆ ಮನೆಯ ಸಾಲ ತೀರುವ ದಾರಿ. ಅವನ ಮೇಲಿರುವ ಒತ್ತಡ ಬೆಂಗಳೂರಿನ ಜಿಮ್‌ನಲ್ಲಿ ಕನ್ನಡಿ ನೋಡಿಕೊಳ್ಳುವ ಯುವಕನದ್ದಲ್ಲ.

ಅದೇ ಹೊತ್ತಿಗೆ ಗರಡಿಗಳ ಪಕ್ಕದಲ್ಲೇ ಜಿಮ್‌ಗಳು ಎದ್ದವು. ಮೈಸೂರಿನ ಮೊಹಲ್ಲಾಗಳಲ್ಲಿ ಹತ್ತಾರು ಗರಡಿಗಳು ಉಸಿರಾಡುತ್ತಿದ್ದರೂ ಬೆಳಿಗ್ಗೆ ಮಟ್ಟಿ, ಸಂಜೆ ಜಿಮ್ ಎಂಬ ಹುಡುಗರೇ ಹೆಚ್ಚಾದರು. ಗರಡಿಯಲ್ಲಿ ಒಂದು ಕಾವಲಿತ್ತು. ಹುಡುಗ ಏನು ತಿಂದ, ಎಷ್ಟು ಹೊತ್ತಿಗೆ ಮಲಗಿದ, ಯಾರ ಸಹವಾಸ ಮಾಡಿದ ಎಂಬುದೆಲ್ಲ ಉಸ್ತಾದರಿಗೆ ಗೊತ್ತಿರುತ್ತಿತ್ತು. ಜಿಮ್‌ನಲ್ಲಿ ತಿಂಗಳ ಫೀಸು ಕಟ್ಟಿದರೆ ಆಯಿತು. ಮೊದಲು ಪ್ರೋಟೀನ್ ಡಬ್ಬಿ, ಆಮೇಲೆ ಹೆಸರೇ ಓದಲಾಗದ ಪುಡಿ, ಆಮೇಲೆ ಯಾರೋ ಸೀನಿಯರ್ ತಂದುಕೊಟ್ಟ ಮಾತ್ರೆ, ಕೊನೆಗೆ ಎಂಟು-ಹತ್ತು ವಾರ ಸ್ಟೀರಾಯ್ಡ್ ತೆಗೆದುಕೊಳ್ಳುವ ‘ಸೈಕಲ್’. ಇದು ಎಲ್ಲರ ಕಥೆ ಅಲ್ಲ, ಹೆಚ್ಚಿನವರದ್ದೂ ಅಲ್ಲ. ಆದರೆ ಹೋಗುವವರು ಹೋಗುವುದು ಈ ಮೆಟ್ಟಿಲುಗಳ ಮೇಲೆಯೇ.

ಇದರಲ್ಲಿ ನನಗೆ ಅತಿ ಹೆಚ್ಚು ಭಯ ಹುಟ್ಟಿಸುವುದು ಮೆಫೆಂಟರ್ಮಿನ್ ಚುಚ್ಚುಮದ್ದು. ಶಸ್ತ್ರಚಿಕಿತ್ಸೆಯ ಟೇಬಲ್ ಮೇಲೆ ಅರಿವಳಿಕೆ ಕೊಟ್ಟಾಗ ರೋಗಿಯ ರಕ್ತದೊತ್ತಡ ಕುಸಿದರೆ ಎತ್ತಿ ನಿಲ್ಲಿಸಲು ವೈದ್ಯರು ಬಳಸುವ ಔಷಧ ಅದು. ದೇಶದ ಹಲವು ನಗರಗಳಲ್ಲಿ ಜಿಮ್ ಹುಡುಗರು ಅದನ್ನು ಕಸರತ್ತಿಗೆ ಮೊದಲು ಚುಚ್ಚಿಕೊಳ್ಳುತ್ತಿದ್ದಾರೆ. ಚುಚ್ಚಿಕೊಂಡವನಿಗೆ ದಣಿವು ಗೊತ್ತಾಗುವುದಿಲ್ಲ, ಎದೆ ಹೊಡೆದುಕೊಳ್ಳುತ್ತದೆ, ಬಿಟ್ಟರೆ ಮೈ ಏಳುವುದಿಲ್ಲ, ಚಟ ಹತ್ತುತ್ತದೆ. ಸ್ಟೀರಾಯ್ಡ್‌ನ ಪರಿಣಾಮ ಇಷ್ಟು ಬೇಗ ಕಾಣುವುದಿಲ್ಲ. ಒಳ್ಳೆಯ ಕೊಲೆಸ್ಟ್ರಾಲ್ ಇಳಿಯುತ್ತದೆ, ಹೃದಯದ ಗೋಡೆ ದಪ್ಪವಾಗುತ್ತದೆ, ದೇಹ ತಾನೇ ಟೆಸ್ಟೊಸ್ಟಿರೋನ್ ಮಾಡುವುದನ್ನು ನಿಲ್ಲಿಸುತ್ತದೆ, ಮಕ್ಕಳಾಗುವುದು ಕಷ್ಟವಾಗುತ್ತದೆ. ಹದಿನಾರು-ಹದಿನೇಳರ ಹುಡುಗನಾದರೆ ಮೂಳೆಯ ಬೆಳವಣಿಗೆಯೇ ಅವಧಿಗೆ ಮೊದಲು ನಿಲ್ಲಬಹುದು. ತೂಕ ಇಳಿಸಲು ನುಂಗುವ, ಮೂತ್ರ ಹೆಚ್ಚಿಸುವ ಮಾತ್ರೆಯೂ ನಿಷೇಧದ ಪಟ್ಟಿಯಲ್ಲಿದೆ. ನೀರು ಬತ್ತಿದ ಮೈಯಲ್ಲಿ ಮ್ಯಾಟಿಗೆ ಇಳಿದವನ ಮೂತ್ರಪಿಂಡ ಮತ್ತು ಹೃದಯ ಎರಡೂ ಅಪಾಯದಲ್ಲಿರುತ್ತವೆ.

ನಿಷೇಧದ ಕಡೆಯೂ ಎಲ್ಲ ನೆಟ್ಟಗಿಲ್ಲ. 2016ರ ರಿಯೊ ಒಲಿಂಪಿಕ್ಸ್‌ಗೆ ಮುನ್ನ 74 ಕೆ.ಜಿ. ವಿಭಾಗದ ನರಸಿಂಗ್ ಯಾದವ್ ಅವರ ಮಾದರಿಯಲ್ಲಿ ಮೆಥಾಂಡಿನೋನ್ ಎಂಬ ಸ್ಟೀರಾಯ್ಡ್ ಸಿಕ್ಕಿತು. ಯಾರೋ ಊಟಕ್ಕೆ ಬೆರೆಸಿದ್ದಾರೆ ಎಂಬ ಅವರ ವಾದವನ್ನು ನಾಡಾ ಸಮಿತಿ ಒಪ್ಪಿತು. ಅಂತರರಾಷ್ಟ್ರೀಯ ಕ್ರೀಡಾ ನ್ಯಾಯಾಲಯ ಒಪ್ಪಲಿಲ್ಲ, ನಾಲ್ಕು ವರ್ಷ ನಿಷೇಧ ಹೇರಿತು. ಮೈಯೊಳಗೆ ಏನು ಸಿಕ್ಕರೂ ಅದರ ಹೊಣೆ ಕ್ರೀಡಾಪಟುವಿನದ್ದೇ ಎಂಬ ನಿಯಮ ಎಷ್ಟು ಬಿಗಿ ಎಂಬುದು ದೇಶಕ್ಕೆಲ್ಲ ಆಗ ಗೊತ್ತಾಯಿತು. 2019ರಲ್ಲಿ ದೆಹಲಿಯ ರಾಷ್ಟ್ರೀಯ ಮದ್ದು ಪರೀಕ್ಷಾ ಪ್ರಯೋಗಾಲಯದ ಮಾನ್ಯತೆಯನ್ನೇ ವಾಡಾ ಅಮಾನತು ಮಾಡಿತು, ಅದು ಮರಳಿದ್ದು 2021ರ ಡಿಸೆಂಬರ್‌ನಲ್ಲಿ. 2022ರಲ್ಲಿ ರಾಷ್ಟ್ರೀಯ ಉದ್ದೀಪನ ಮದ್ದು ತಡೆ ಕಾಯ್ದೆ ಬಂತು. ವಾಡಾದ 2024ರ ಅಂಕಿಅಂಶದ ಪ್ರಕಾರ ಭಾರತದ 7,113 ಮಾದರಿಗಳಲ್ಲಿ 260ರಲ್ಲಿ ನಿಷೇಧಿತ ವಸ್ತು ಸಿಕ್ಕಿದೆ. ಶೇ 3.6. ದೊಡ್ಡ ಪ್ರಮಾಣದಲ್ಲಿ ಪರೀಕ್ಷೆ ನಡೆಸುವ ದೇಶಗಳಲ್ಲಿ ಇದೇ ಅತಿ ಹೆಚ್ಚು. ಅಥ್ಲೆಟಿಕ್ಸ್, ವೇಟ್‌ಲಿಫ್ಟಿಂಗ್ ಬಿಟ್ಟರೆ ಮುಂದಿನ ಸ್ಥಾನ ಕುಸ್ತಿಯದ್ದು, 29 ಪ್ರಕರಣ. ಪರೀಕ್ಷೆ ಹೆಚ್ಚಾದಷ್ಟೂ ಸಿಗುವುದು ಹೆಚ್ಚುತ್ತದೆ ಎಂಬ ವಾದದಲ್ಲಿ ಹುರುಳಿದೆಯಾದರೂ ಶೇಕಡಾವಾರು ಲೆಕ್ಕಕ್ಕೆ ಅದು ಪೂರ್ತಿ ಉತ್ತರವಾಗದು.

ಇಂಥ ಸಿಕ್ಕಿನ ನಡುವೆಯೇ "ಅನುಮತಿ ಕೊಟ್ಟುಬಿಡಿ" ಎಂಬ ವಾದಕ್ಕೆ ಕಾವು ಬಂದದ್ದು. ಅದನ್ನು ಗಂಭೀರವಾಗಿ ಮಂಡಿಸಿದವರಲ್ಲಿ ತತ್ವಶಾಸ್ತ್ರಜ್ಞ ಜೂಲಿಯನ್ ಸವುಲೆಸ್ಕು ಪ್ರಮುಖರು. 2004ರಲ್ಲಿ ಅವರು ಮತ್ತು ಸಂಗಡಿಗರು ಹೇಳಿದ್ದು: ಮದ್ದನ್ನು ಹಿಡಿಯುವ ಬದಲು ಆರೋಗ್ಯವನ್ನು ಪರೀಕ್ಷಿಸಿ, ರಕ್ತದ ಮಟ್ಟ ಸುರಕ್ಷಿತ ಮಿತಿಯಲ್ಲಿದ್ದರೆ ಆಡಲು ಬಿಡಿ, ಕದ್ದು ಮಾಡುವುದಕ್ಕಿಂತ ವೈದ್ಯರ ಕಣ್ಣೆದುರು ಮಾಡುವುದು ಮೇಲು. ಎಂಎಂಎ ಲೋಕ ಎರಡೂ ದಡ ಮುಟ್ಟಿ ನೋಡಿದೆ. ಅಮೆರಿಕದ ನೆವಾಡ ರಾಜ್ಯ ವೈದ್ಯರ ಚೀಟಿಯ ಮೇಲೆ ಟೆಸ್ಟೊಸ್ಟಿರೋನ್ ಪಡೆಯಲು ಸೆಣಸಾಟಗಾರರಿಗೆ ವಿನಾಯಿತಿ ಕೊಡುತ್ತಿತ್ತು, 2014ರಲ್ಲಿ ಅದನ್ನು ನಿಲ್ಲಿಸಿತು. ಎಂಎಂಎ ಪಂದ್ಯ ನಡೆಸುವ ಕಂಪನಿ ಯುಎಫ್‌ಸಿ 2015ರಲ್ಲಿ ಅಮೆರಿಕದ ಮದ್ದು ತಡೆ ಸಂಸ್ಥೆಯನ್ನು ಕರೆತಂದಿತು, 2023ರ ಕೊನೆಗೆ ಆ ನಂಟು ಮುಗಿಯಿತು. ಮದ್ದಿಗೆ ಬಾಗಿಲು ತೆರೆದ ಎನ್‌ಹಾನ್ಸ್ಡ್ ಗೇಮ್ಸ್ ಕೂಡ ಲಾಸ್ ವೇಗಸ್‌ನ ತನ್ನ ಮೊದಲ ಕೂಟಕ್ಕೆ ಪ್ರಕಟಿಸಿದ್ದು ಈಜು, ಓಟ, ಭಾರ ಎತ್ತುವ ಸ್ಪರ್ಧೆಗಳನ್ನು. ಸೆಣಸಾಟವನ್ನಲ್ಲ.

ಓಟದಲ್ಲಿ ಮದ್ದು ತಿಂದವನು ಪಕ್ಕದ ಗೆರೆಯಲ್ಲಿ ಓಡುತ್ತಾನೆ. ತಿನ್ನದವನು ಪದಕ ಕಳೆದುಕೊಳ್ಳುತ್ತಾನೆ, ಅದು ಅನ್ಯಾಯವೇ, ಆದರೆ ಮನೆಗೆ ನಡೆದುಕೊಂಡು ಹೋಗುತ್ತಾನೆ. ಕುಸ್ತಿಯಲ್ಲಿ ಮದ್ದಿನ ಬಲ ಬಂದು ಬೀಳುವುದು ಎದುರಿನವನ ಕತ್ತಿನ ಮೇಲೆ, ಬೆನ್ನುಮೂಳೆಯ ಮೇಲೆ. ಬಾಕ್ಸಿಂಗ್‌ನಲ್ಲಿ ಮಿದುಳಿನ ಮೇಲೆ. 2016ರ ಜುಲೈನಲ್ಲಿ ಯುಎಫ್‌ಸಿ 200ನೇ ಕೂಟದಲ್ಲಿ ಮಾರ್ಕ್ ಹಂಟ್ ಸೋತರು. ಎದುರಾಳಿಯ ಮಾದರಿಯಲ್ಲಿ ನಿಷೇಧಿತ ವಸ್ತು ಇತ್ತೆಂಬುದು ಸೆಣಸಾಟ ಮುಗಿದ ಮೇಲೆ ಹೊರಬಂತು. ಫಲಿತಾಂಶ ರದ್ದಾಯಿತು, ಎದುರಾಳಿಗೆ ದಂಡ ಬಿತ್ತು, ಹಂಟ್ 2017ರಲ್ಲಿ ನ್ಯಾಯಾಲಯದ ಮೆಟ್ಟಿಲು ಹತ್ತಿದರು. ಫಲಿತಾಂಶವನ್ನು ಕಾಗದದಲ್ಲಿ ಅಳಿಸಬಹುದು. ತಲೆಗೆ ಬಿದ್ದ ಏಟನ್ನು ಯಾವ ಆಯೋಗ ಹಿಂದಕ್ಕೆ ತೆಗೆದುಕೊಳ್ಳುತ್ತದೆ?

"ಅವರವರ ಮೈ, ಅವರವರ ಇಷ್ಟ" ಎಂಬ ಮಾತು ಹಾಗಾಗಿ ಅಖಾಡದಲ್ಲಿ ಅರ್ಧಕ್ಕೇ ನಿಲ್ಲುತ್ತದೆ. ಅನುಮತಿ ಸಿಕ್ಕ ಮರುದಿನ ಬೇಡವೆನ್ನುವವನಿಗೂ ಆಯ್ಕೆ ಉಳಿಯುವುದಿಲ್ಲ. ತಿನ್ನಬೇಕು, ಇಲ್ಲವೇ ಲಂಗೋಟಿ ಕಳಚಿಡಬೇಕು. ವೈದ್ಯರ ಕಣ್ಣೆದುರು ಎಂಬ ವಾದವೂ ನಮ್ಮ ಕಡೆಗೆ ಬಂದಾಗ ತೂಕ ಕಳೆದುಕೊಳ್ಳುತ್ತದೆ. ತಿಂಗಳಿಗೊಮ್ಮೆ ಹೃದಯದ ಸ್ಕ್ಯಾನ್, ಹಾರ್ಮೋನ್ ಪರೀಕ್ಷೆ, ತಜ್ಞ ವೈದ್ಯರ ಫೀಸು ಇವನ್ನೆಲ್ಲ ಲಾಸ್ ವೇಗಸ್‌ನ ಕಂಪನಿ ಭರಿಸಬಹುದು. ಮಳವಳ್ಳಿ, ಪಾಂಡವಪುರದ ರೈತನ ಮಗನಿಗೆ ಸಿಗುವುದು ಮದ್ದು ಮಾತ್ರ. ಒಮ್ಮೆ ತಿಂದು ಬಿಟ್ಟರೂ ಲಾಭ ಉಳಿಯಬಹುದು ಎಂಬ ಸುಳಿವನ್ನು 2013ರಲ್ಲಿ ಓಸ್ಲೊ ವಿಶ್ವವಿದ್ಯಾಲಯದ ಸಂಶೋಧಕರು ಇಲಿಗಳಲ್ಲಿ ಕಂಡರು. ಸ್ಟೀರಾಯ್ಡ್ ನಿಲ್ಲಿಸಿ ಮೂರು ತಿಂಗಳಾದ ಮೇಲೂ ಸ್ನಾಯುವಿನಲ್ಲಿ ಹೆಚ್ಚುವರಿ ಜೀವಕೋಶ ಕೇಂದ್ರಗಳು ಉಳಿದಿದ್ದವು, ಮತ್ತೆ ಕಸರತ್ತು ಕೊಟ್ಟಾಗ ಆ ಸ್ನಾಯು ಬೇಗ ಬೆಳೆಯಿತು. ಮನುಷ್ಯರಲ್ಲೂ ಹೀಗೇ ಆಗುವುದಾದರೆ ಎರಡು ವರ್ಷದ ನಿಷೇಧ ಮುಗಿಸಿ ಬಂದವನೂ ಸಮಬಲನಾಗಿ ಬಂದಿರುವುದಿಲ್ಲ.

ಇನ್ನೊಂದು ಸಂಗತಿಯನ್ನು ಮರೆಮಾಚುವಂತಿಲ್ಲ. ರಾಷ್ಟ್ರಮಟ್ಟದ ಮ್ಯಾಟ್ ಕುಸ್ತಿಯಲ್ಲಿ ನಾಡಾ ಮಾದರಿ ಪಡೆಯುತ್ತದೆ. ಜಾತ್ರೆಯ ನಾಡಕುಸ್ತಿಯಲ್ಲಿ, ಬೆಳ್ಳಿ ಗದೆಗೆ ನಡೆಯುವ ಹಳ್ಳಿಯ ಪಂದ್ಯಗಳಲ್ಲಿ ಅಂಥ ಪದ್ಧತಿಯೇ ಬೆಳೆದಿಲ್ಲ. ನಿಷೇಧ ಪುಸ್ತಕದಲ್ಲಿದೆ, ಮಟ್ಟಿಯ ತನಕ ಬಂದಿಲ್ಲ. ಅನುಮತಿ ಕೊಡಬೇಕೆ ಎಂದು ನಾವು ಚರ್ಚಿಸುತ್ತಿರುವ ಹೊತ್ತಿಗೆ ಕೆಳಹಂತದಲ್ಲಿ ಹೇಳದೆ ಕೇಳದೆ ಅನುಮತಿ ಕೊಟ್ಟಂತೆಯೇ ಆಗಿದೆ. ಉಸ್ತಾದರು, ಸಂಘಗಳು, ಇಲಾಖೆ, ಪಂದ್ಯ ಏರ್ಪಡಿಸುವ ಊರಿನವರು, ನೋಡಿ ಚಪ್ಪಾಳೆ ಹೊಡೆಯುವ ನಾವು, ಎಲ್ಲರೂ ಇದನ್ನು ಇನ್ನೊಬ್ಬರ ಕೆಲಸವೆಂದುಕೊಂಡಿದ್ದೇವೆ.

ಪ್ರತಿ ಜೋಡಿಯನ್ನೂ ಪರೀಕ್ಷಿಸುವುದು ಆಗದ ಮಾತು. ತರಬೇತಾದ ಅಧಿಕಾರಿ ಬೇಕು, ಮಾದರಿಯನ್ನು ಎರಡು ಬಾಟಲಿಗೆ ಹಾಕಿ ಮುದ್ರೆ ಒತ್ತಬೇಕು, ದೆಹಲಿಗೆ ಕಳಿಸಬೇಕು, ಖರ್ಚು ಸಣ್ಣದಲ್ಲ. ಆದರೆ ದಸರೆಯ ಬಿರುದಿನ ಪಂದ್ಯಗಳಲ್ಲಿ ಕೊನೆಗೆ ಉಳಿದವರಿಂದಲಾದರೂ ಮಾದರಿ ಪಡೆಯುವುದು ಸರ್ಕಾರ ನಡೆಸುವ ನಾಡಹಬ್ಬಕ್ಕೆ ಮೀರಿದ ಭಾರವಲ್ಲ. ವಾಡಾದ ನಿಷೇಧಿತ ಪಟ್ಟಿ ಪ್ರತಿ ವರ್ಷ ಜನವರಿ 1ಕ್ಕೆ ಹೊಸದಾಗಿ ಜಾರಿಯಾಗುತ್ತದೆ. ಕೆಮ್ಮು-ನೆಗಡಿಗೆ ತೆಗೆದುಕೊಳ್ಳುವ ಕೆಲವು ಔಷಧಗಳೂ ಅದರ ವ್ಯಾಪ್ತಿಗೆ ಬರುತ್ತವೆ. ಅದನ್ನು ಗರಡಿಯ ಹುಡುಗರಿಗೆ ಅರ್ಥವಾಗುವ ಕನ್ನಡದಲ್ಲಿ ಹೇಳಿಕೊಡಲು ಒಬ್ಬ ಸರ್ಕಾರಿ ವೈದ್ಯರ ಅರ್ಧ ದಿನ ಸಾಕು. ಮೊದಲು ಹದಿನೆಂಟು ತುಂಬದವರಿಂದ ಶುರುಮಾಡಬೇಕು, ಮಾತ್ರೆ ತಂದುಕೊಡುವ ಸೀನಿಯರ್ ಅವರನ್ನು ಮುಟ್ಟುವ ಮುಂಚೆ.